ಬೀಪ್ ಬೀಳುವ ಬೈಗುಳ, ಬೀಪ್ ಬೀಳದ ಬೈಗುಳ

2023ರ ಮಾರ್ಚ್ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ತಮ್ಮ ತೀರ್ಪಿನಲ್ಲಿ ಅಪರೂಪದ ಮಾತೊಂದನ್ನು ಬರೆದರು. ಕೇಸಿಗಾಗಿ ಅವರು ಒಂದು ವೆಬ್ ಸರಣಿಯನ್ನು ನೋಡಬೇಕಿತ್ತು. ತಮ್ಮದೇ ಕೊಠಡಿಯಲ್ಲಿ ಕೂತಿದ್ದರೂ ಇಯರ್‌ಫೋನ್ ಹಾಕಿಕೊಳ್ಳಬೇಕಾಯಿತಂತೆ. ಅಕ್ಕಪಕ್ಕದವರ ಕಿವಿಗೆ ಬಿದ್ದರೆ ಗಾಬರಿಯಾಗುವಂಥ ಮಾತು ಅದರಲ್ಲಿತ್ತು. ಆ ಸರಣಿಯ ಹೆಸರು ‘ಕಾಲೇಜ್ ರೊಮ್ಯಾನ್ಸ್’, ಮಾಡಿದ್ದು ಟಿವಿಎಫ್ ಎಂಬ ಕಂಪನಿ. 2018ರಲ್ಲಿ ಬಂದ ಮೊದಲ ಸೀಸನ್ನಿನ ಐದನೇ ಕಂತಿನ ಮೇಲೆ ದೂರು ಬಿದ್ದಿತ್ತು. ಎಫ್‌ಐಆರ್ ಆಗಲೇಬೇಕು ಎಂದು ಹೈಕೋರ್ಟ್ ಹೇಳಿತು.

ಒಂದು ವರ್ಷದ ಮೇಲೆ, 2024ರ ಮಾರ್ಚ್ 19ರಂದು, ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿತು. ಕೋರ್ಟಿನ ಗಾಂಭೀರ್ಯಕ್ಕೆ ಧಕ್ಕೆಯಾಗದಂತೆ ಅಲ್ಲಿ ಹಾಕಿ ತೋರಿಸಬಹುದೇ ಎಂಬುದು ಒಂದು ಕಾರ್ಯಕ್ರಮವನ್ನು ಅಳೆಯುವ ಅಳತೆಗೋಲೇ ಅಲ್ಲ ಎಂದಿತು.

ಕಂತು ಒಂದೇ, ಬೈಗುಳವೂ ಅವೇ. ಎರಡು ಕೋರ್ಟುಗಳಿಗೆ ಕೇಳಿಸಿದ್ದು ಮಾತ್ರ ಬೇರೆ ಬೇರೆ. ನಮ್ಮ ಮನೆಗಳಲ್ಲೂ ಇದೇ ಕಥೆ ಅಲ್ವಾ? ಒಬ್ಬರು “ಇದೆಲ್ಲ ಬೇಕಿತ್ತಾ?” ಎಂದು ಮುಖ ಸಿಂಡರಿಸುತ್ತಾರೆ. ಇನ್ನೊಬ್ಬರು “ಜನ ಮಾತಾಡೋದೇ ಹಾಗೆ” ಎನ್ನುತ್ತಾರೆ. ಜಗಳ ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಅದರಲ್ಲಿ ಮೂರು ಬೇರೆ ಪ್ರಶ್ನೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಬೈಗುಳ ಕಾನೂನಿನ ಪ್ರಕಾರ ತಪ್ಪೇ? ಕಥೆಗೆ ಅದು ಬೇಕೇ? ಅದರಿಂದ ಯಾರಿಗೆ ನೋವಾಗುತ್ತದೆ? ಮೊದಲನೆಯದಕ್ಕೆ ಈಗ ಸುಮಾರಾಗಿ ಉತ್ತರ ಸಿಕ್ಕಿದೆ. ಉಳಿದ ಎರಡಕ್ಕೆ ಕೋರ್ಟಿನ ಹತ್ತಿರ ಉತ್ತರವಿಲ್ಲ, ಇರಬೇಕಾದ್ದೂ ಇಲ್ಲ.

ಅಶ್ಲೀಲ ಬೇರೆ, ಅಸಭ್ಯ ಬೇರೆ

ಬೈಗುಳದ ಕೇಸುಗಳು ಸಾಮಾನ್ಯವಾಗಿ ಅಶ್ಲೀಲತೆಯ ಕಾನೂನಿನ ಅಡಿ ಬರುತ್ತವೆ. ಪುಸ್ತಕಕ್ಕೆ ಹಳೆಯ ದಂಡಸಂಹಿತೆಯ 292ನೇ ಕಲಮು. ಇಂಟರ್‌ನೆಟ್ಟಿನಲ್ಲಿ ಬಂದರೆ ಐಟಿ ಕಾಯ್ದೆಯ 67 ಮತ್ತು 67ಎ. 67ರ ಅಡಿ ಮೊದಲ ತಪ್ಪಿಗೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. 67ಎ ಇನ್ನೂ ಗಟ್ಟಿ: ಐದು ವರ್ಷ, ಹತ್ತು ಲಕ್ಷ. ಅದು ಇರುವುದು ಲೈಂಗಿಕ ಕ್ರಿಯೆಯನ್ನು ನೇರವಾಗಿ ತೋರಿಸುವವರಿಗೆ. ಕಾಲೇಜು ಹುಡುಗರು ಬೈದಾಡಿದ್ದಕ್ಕೆ ಆ ಕಲಮು ಹಾಕಿದ್ದರು ಎಂಬುದೇ ಈ ಕೇಸಿನ ವಿಶೇಷ.

ಹಾಕಿದ್ದು ಯಾಕೆಂದರೆ, ಬೈಗುಳದ ಪದಗಳನ್ನು ಬಿಡಿಸಿ ಅರ್ಥ ಮಾಡಿದರೆ ಅವು ಮೈಯ ಭಾಗಗಳ, ಮೈಯ ಸಂಬಂಧಗಳ ಮಾತುಗಳೇ. ಹೈಕೋರ್ಟ್ ಆ ಪದಗಳನ್ನು ಅಕ್ಷರಶಃ ಓದಿಕೊಂಡಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎ. ಎಸ್. ಬೋಪಣ್ಣ ಮತ್ತು ಪಿ. ಎಸ್. ನರಸಿಂಹ ಅವರಿದ್ದ ಪೀಠ ಅಲ್ಲೇ ತಪ್ಪು ಕಂಡಿತು. ಸಿಟ್ಟಿನಲ್ಲಿ, ಹತಾಶೆಯಲ್ಲಿ, ಖುಷಿಯಲ್ಲಿ ಕೂಡ ಬೈಯುವವನ ತಲೆಯಲ್ಲಿ ಆ ಅರ್ಥ ಇರುವುದಿಲ್ಲ. ಕೇಳುವವರ ತಲೆಯಲ್ಲೂ ಕಾಮದ ಯೋಚನೆ ಏಳುವುದಿಲ್ಲ. ಅಸಹ್ಯವಾಗಬಹುದು, ಮುಜುಗರವಾಗಬಹುದು, ಅಷ್ಟೇ. ಕೆರಳಿಸದ ಮಾತು ಕೆಟ್ಟದ್ದಿರಬಹುದು, ಅಶ್ಲೀಲ ಅಲ್ಲ.

ಇನ್ನೊಂದು ತಮಾಷೆ ನೋಡಿ. ದೂರು ಬಿದ್ದ ಆ ದೃಶ್ಯದಲ್ಲೇ ಒಬ್ಬ ಹುಡುಗ ಎಲ್ಲರೆದುರು ಬೈಯುತ್ತಾನೆ, ಜೊತೆಗಿರುವ ಹುಡುಗಿ ಅದಕ್ಕೆ ಆಕ್ಷೇಪ ಎತ್ತುತ್ತಾಳೆ. ಕೋರ್ಟಿನಲ್ಲಿ ನಡೆದ ವಾದ ಕಥೆಯೊಳಗೇ ಮೊದಲು ನಡೆದುಹೋಗಿತ್ತು.

ಈ ವ್ಯತ್ಯಾಸ 2024ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಅದಕ್ಕೆ ದೊಡ್ಡ ಹಿಂದಿನ ಕಥೆಯಿದೆ. 1868ರ ಇಂಗ್ಲೆಂಡಿನ ಒಂದು ತೀರ್ಪು, ಹಿಕ್ಲಿನ್ ಪರೀಕ್ಷೆ ಎಂದು ಹೆಸರು, ನಮ್ಮಲ್ಲಿ ಬಹಳ ಕಾಲ ಅಳತೆಗೋಲಾಗಿತ್ತು. ಬೇಗ ಕೆಡಬಲ್ಲ ಮನಸ್ಸಿನವರ ಕೈಗೆ ಸಿಕ್ಕರೆ ಅವರು ಕೆಡುತ್ತಾರಾ ಎಂದು ಅದು ಕೇಳುತ್ತಿತ್ತು. 1964ರಲ್ಲಿ ಬಾಂಬೆಯ ಒಬ್ಬ ಪುಸ್ತಕ ವ್ಯಾಪಾರಿಯ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹಿಡಿಯಿತು. ಅಂದರೆ ಅತಿ ದುರ್ಬಲ ಓದುಗನನ್ನು ಮುಂದೆ ನಿಲ್ಲಿಸಿ, ಅವನಿಗೆ ತಕ್ಕಂತೆ ಎಲ್ಲರೂ ಓದಬೇಕು ಎಂದ ಹಾಗೆ.

1985ರಲ್ಲಿ ಬಂಗಾಳದ ಲೇಖಕ ಸಮರೇಶ್ ಬಸು ಅವರ ಕಾದಂಬರಿಯ ಕೇಸು ಬಂತು. ಕೆಳಗಿನ ಕೋರ್ಟುಗಳು ತಪ್ಪಿತಸ್ಥ ಎಂದಿದ್ದವು, ಸುಪ್ರೀಂ ಕೋರ್ಟ್ ಬಿಟ್ಟಿತು. ಅಸಭ್ಯವಾದದ್ದೆಲ್ಲ ಅಶ್ಲೀಲವಲ್ಲ, ಅಸಭ್ಯ ಬರಹ ಓದಿದರೆ ಅಸಹ್ಯವಾಗುತ್ತದೆ, ಬೇಸರವೂ ಆಗುತ್ತದೆ, ಆದರೆ ಓದಿದವ ಅದರಿಂದ ಕೆಡುವುದಿಲ್ಲ ಎಂದು ಗೆರೆ ಎಳೆದಿದ್ದು ಆಗಲೇ. 1996ರಲ್ಲಿ ‘ಬ್ಯಾಂಡಿಟ್ ಕ್ವೀನ್’ ಸಿನಿಮಾದ ಕೇಸು. ಅಲ್ಲಿನ ಬೈಗುಳಗಳ ಬಗ್ಗೆ ಕೋರ್ಟಿನ ಮಾತಿನ ಸಾರಾಂಶ ಇಷ್ಟು: ಊರೂರಿನ ಬೀದಿಯಲ್ಲಿ ದಿನವೂ ಕೇಳುವ ಮಾತುಗಳಿವು, ಇದನ್ನು ದೊಡ್ಡದು ಮಾಡಬೇಕಿಲ್ಲ, ಸಿನಿಮಾದಲ್ಲಿ ಬಂತು ಅಂತ ಯಾವ ವಯಸ್ಕನೂ ಹೊಸದಾಗಿ ಬೈಯಲು ಕಲಿಯುವುದಿಲ್ಲ. 2014ರಲ್ಲಿ ಟೆನಿಸ್ ಆಟಗಾರ ಬೋರಿಸ್ ಬೆಕರ್ ಅವರ ಒಂದು ಫೋಟೊ ವಿಚಾರದಲ್ಲಿ ಹಿಕ್ಲಿನ್ ಪರೀಕ್ಷೆಯನ್ನು ಕೈಬಿಟ್ಟು, ಇಂದಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿನಲ್ಲಿ, ಇಡೀ ಕೃತಿಯನ್ನು ಒಟ್ಟಾಗಿ ನೋಡಬೇಕು ಎಂದಾಯಿತು.

ಇಷ್ಟೆಲ್ಲ ತೀರ್ಪು ಇದ್ದರೂ 2023ರಲ್ಲಿ ಒಂದು ಹೈಕೋರ್ಟ್ ಮತ್ತೆ ಪದದ ಅರ್ಥಕ್ಕೇ ಜೋತುಬಿತ್ತು. ಬೈಗುಳ ಕಿವಿಗೆ ಬಿದ್ದ ಕ್ಷಣದಲ್ಲಿ ಯಾರಿಗೂ ಹಳೆಯ ತೀರ್ಪು ನೆನಪಾಗುವುದಿಲ್ಲ ಅನ್ನಿಸುತ್ತದೆ.

ಮೂರು ಪರದೆ, ಮೂರು ಕಾನೂನು

ಬಹಳ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಟಿವಿಯಲ್ಲಿ ಬರುವುದೆಲ್ಲ ಸೆನ್ಸಾರ್ ಆಗಿ ಬರುತ್ತದೆ ಅಂತ. ಇಲ್ಲ. ಸೆನ್ಸಾರ್ ಮಂಡಳಿ ಇರುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಅಡಿ, ಸಿನಿಮಾಕ್ಕೆ. ಧಾರಾವಾಹಿಯ ಕಂತನ್ನು ಪ್ರಸಾರಕ್ಕೆ ಮುಂಚೆ ಯಾವ ಸರ್ಕಾರಿ ಮಂಡಳಿಯೂ ನೋಡುವುದಿಲ್ಲ. ಅದಕ್ಕಿರುವುದು 1994ರ ಕೇಬಲ್ ಟಿವಿ ನಿಯಮಗಳಲ್ಲಿ ಬರುವ ಕಾರ್ಯಕ್ರಮ ಸಂಹಿತೆ. ಸಭ್ಯತೆಗೆ, ಒಳ್ಳೆಯ ಅಭಿರುಚಿಗೆ ಧಕ್ಕೆ ತರುವ ಕಾರ್ಯಕ್ರಮ ಕೂಡದು ಎನ್ನುತ್ತದೆ ಅದು. ಸಭ್ಯತೆ ಎಂದರೇನು ಎಂದು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ದೊಡ್ಡ ಚಾನೆಲ್‌ಗಳು ಇದಕ್ಕೆಂದೇ ಒಂದು ತಂಡ ಇಟ್ಟುಕೊಂಡಿರುತ್ತವೆ. ಅನುಮಾನ ಬಂದದ್ದನ್ನು ಅವರೇ ಮ್ಯೂಟ್ ಮಾಡಿಬಿಡುತ್ತಾರೆ. 2011ರಿಂದ ಚಾನೆಲ್‌ಗಳದ್ದೇ ಒಂದು ದೂರು ಮಂಡಳಿಯೂ ಇದೆ. ದೊಡ್ಡವರಿಗೆ ಮಾತ್ರ ತಕ್ಕ ಕಾರ್ಯಕ್ರಮ ರಾತ್ರಿ 11ರಿಂದ ಬೆಳಿಗ್ಗೆ 5ರ ನಡುವೆ ಬರಬೇಕು ಎಂದು ಅವರೇ ಒಪ್ಪಿಕೊಂಡಿದ್ದಾರೆ.

ನಿಯಮಕ್ಕಿಂತ ದೊಡ್ಡ ಕಾರಣ ದುಡ್ಡಿನದು. ಸಂಜೆ ಏಳೂವರೆಯ ಧಾರಾವಾಹಿಯ ಮುಂದೆ ಅಜ್ಜಿ, ಸೊಸೆ, ಹೋಮ್‌ವರ್ಕ್ ಮಾಡುವ ಹುಡುಗ ಎಲ್ಲರೂ ಕೂತಿರುತ್ತಾರೆ. ಸೋಪು, ಎಣ್ಣೆ, ಮಸಾಲೆಪುಡಿ ಮಾರುವವರು ಅವರಿಗಾಗಿಯೇ ದುಡ್ಡು ಕೊಡುವುದು. ಒಬ್ಬರು ಎದ್ದುಹೋದರೂ ನಷ್ಟ. ಒಂದು ಬೈಗುಳಕ್ಕಾಗಿ ಅಷ್ಟು ದೊಡ್ಡ ರಿಸ್ಕ್ ಯಾರು ತೆಗೆದುಕೊಳ್ಳುತ್ತಾರೆ?

ಒಟಿಟಿಯ ಲೆಕ್ಕ ಬೇರೆ. ಅಲ್ಲಿ ನೋಡುವವನು ಒಬ್ಬನೇ, ಕೈಯಲ್ಲಿ ಫೋನು, ಕಿವಿಯಲ್ಲಿ ಇಯರ್‌ಫೋನು. ತಾನೇ ಹುಡುಕಿ, ತಾನೇ ಒತ್ತಿ ನೋಡುತ್ತಾನೆ. 2021ರ ಫೆಬ್ರವರಿಯಲ್ಲಿ ಬಂದ ಐಟಿ ನಿಯಮಗಳು ಅದಕ್ಕೆ ವಯಸ್ಸಿನ ದರ್ಜೆ ತಂದವು: ಯು, ಯು/ಎ 7+, ಯು/ಎ 13+, ಯು/ಎ 16+, ಎ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಅಪ್ಪಅಮ್ಮ ಬೀಗ ಹಾಕುವ ಸೌಲಭ್ಯ ಇರಬೇಕು. ‘ಎ’ ಇದ್ದರೆ ನೋಡುವವನ ವಯಸ್ಸನ್ನು ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ ಇರಬೇಕು. ಈ ನಿಯಮಗಳ ಕೆಲವು ಭಾಗಗಳ ಮೇಲೆ ಕೋರ್ಟುಗಳಲ್ಲಿ ತಕರಾರು ನಡೆದಿದೆ. ಆದರೂ ದರ್ಜೆಯ ಪದ್ಧತಿ ಬೇರೂರಿದೆ.

ಆ ನಿಯಮಗಳ ಜೊತೆಗಿರುವ ಅನುಬಂಧದಲ್ಲಿ ಒಂದು ಮಾತಿದೆ, ನನಗೆ ತುಂಬ ಹಿಡಿಸಿದ್ದು. ಭಾರತದ ಪ್ರತಿಯೊಂದು ಭಾಷೆಯಲ್ಲೂ ಯಾವ ದರ್ಜೆಗೆ ಯಾವ ಪದ ನಡೆಯುತ್ತದೆ ಎಂದು ಪೂರ್ತಿ ಪಟ್ಟಿ ಮಾಡಲು ಸಾಧ್ಯವಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿದೆ. ಸಂದರ್ಭ, ಪ್ರದೇಶ, ಭಾಷೆಯ ಮೇಲೆ ಅದು ನಿಂತಿದೆ ಎಂದಿದೆ. ಸರ್ಕಾರಿ ಕಾಗದದಲ್ಲಿ ಇಂಥ ವಿವೇಕ ಅಪರೂಪ. ಅದಕ್ಕೆ ಆರು ವರ್ಷ ಮೊದಲು, 2015ರಲ್ಲಿ, ಸೆನ್ಸಾರ್ ಮಂಡಳಿಯ ಆಗಿನ ಅಧ್ಯಕ್ಷ ಪಹ್ಲಾಜ್ ನಿಹಲಾನಿ ಸಿನಿಮಾದಲ್ಲಿ ಬರಕೂಡದ ಪದಗಳ ಪಟ್ಟಿಯನ್ನೇ ಮಾಡಿ ಕಳಿಸಿದ್ದರು. ಮಂಡಳಿಯ ಸದಸ್ಯರೇ ತಿರುಗಿಬಿದ್ದರು, ಪಟ್ಟಿಯನ್ನು ತಡೆಹಿಡಿಯಬೇಕಾಯಿತು.

ಪಟ್ಟಿ ಯಾಕೆ ನಿಲ್ಲುವುದಿಲ್ಲ ಎಂದು ತಿಳಿಯಲು ಕರ್ನಾಟಕದಲ್ಲೇ ಒಂದು ಸುತ್ತು ಹೊಡೆದರೆ ಸಾಕು. ಧಾರವಾಡದ ಕಡೆ ಗೆಳೆಯ ಗೆಳೆಯನನ್ನು “ಮಂಗ್ಯಾನಮಗನ” ಎಂದು ಕರೆದರೆ ಅದು ಅಕ್ಕರೆ. ಮಂಡ್ಯದ ಕಡೆ “ಬಡ್ಡೀಮಗ” ಎನ್ನುವುದು ಹೊಗಳಿಕೆಯೂ ಆಗಬಹುದು, ಬೈಗುಳವೂ ಆಗಬಹುದು, ದನಿ ನೋಡಿ ಹೇಳಬೇಕು. ಇವನ್ನೇ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅಂದು ನೋಡಿ!

ಹಬ್ಬದಲ್ಲೂ ಅಷ್ಟೇ. ಉತ್ತರ ಕರ್ನಾಟಕದ ಹೋಳಿಯಲ್ಲಿ ಬಾಯಿ ಬಡಿದುಕೊಂಡು ಬೈಯುವುದೇ ಆಚರಣೆ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಯರವರು ವೇಷ ಕಟ್ಟಿ, ಡಬ್ಬ ಬಡಿಯುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈಯುತ್ತಾರೆ. ದೇವರನ್ನೂ ಬಿಡುವುದಿಲ್ಲ. ತಮ್ಮನ್ನು ಕಾಡಿಗೆ ಕರೆತಂದ ಅಯ್ಯಪ್ಪ, ಭದ್ರಕಾಳಿಯ ಹಿಂದೆ ಹೋಗಿ ತಮ್ಮ ಕೈಬಿಟ್ಟನಂತೆ. ಅದಕ್ಕೆ ಬೈಗುಳ. ತೋಟದ ಸಾಹುಕಾರನೂ ಬೈಸಿಕೊಂಡು, ನಗುತ್ತಾ ದುಡ್ಡು ಕೊಡುತ್ತಾನೆ. ವರ್ಷವಿಡೀ ಮೇಲಿನವರ ಮಾತು ಕೇಳುವವರಿಗೆ ಆ ದಿನ ಬಾಯಿ ಬರುತ್ತದೆ. ಇದರ ಒಂದು ತುಣುಕನ್ನು ಕತ್ತರಿಸಿ, ಹಿನ್ನೆಲೆ ಹೇಳದೆ ಟಿವಿಯಲ್ಲಿ ಹಾಕಿದರೆ ಮೊದಲ ದೂರು ಅರ್ಧ ಗಂಟೆಯಲ್ಲಿ ಬರುತ್ತದೆ.

ಕಥೆಗೆ ಬೇಕೇ?

ಇದು ಕೋರ್ಟಿನ ಪ್ರಶ್ನೆಯಲ್ಲ, ಬರೆಯುವವರ ಪ್ರಶ್ನೆ. ‘ನೈಜತೆ’ ಎಂಬ ಒಂದೇ ಮಾತಿನಲ್ಲಿ ಅದನ್ನು ಮುಗಿಸುವವರ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ನಾಟಕ, ಧಾರಾವಾಹಿ ಯಾವತ್ತೂ ಜನರ ಮಾತನ್ನು ಇದ್ದ ಹಾಗೇ ಎತ್ತಿಕೊಳ್ಳುವುದಿಲ್ಲ. ನಿಜವಾದ ಮಾತಿನಲ್ಲಿ ತೊದಲು ಇರುತ್ತದೆ, ಹೇಳಿದ್ದನ್ನೇ ಹತ್ತು ಸಲ ಹೇಳುವುದಿರುತ್ತದೆ, ಅರ್ಧಕ್ಕೆ ನಿಂತ ವಾಕ್ಯ ಇರುತ್ತದೆ. ಅದನ್ನೆಲ್ಲ ಬಿಟ್ಟು ಬೈಗುಳವನ್ನು ಮಾತ್ರ ಉಳಿಸಿಕೊಂಡರೆ ಅದು ನೈಜತೆಯಲ್ಲ, ಆಯ್ಕೆ. ಆಯ್ಕೆಗೆ ಕಾರಣ ಕೊಡಬೇಕಾಗುತ್ತದೆ.

ಕಾರಣ ಇರುವ ಕಡೆ ಅದು ಗೊತ್ತಾಗುತ್ತದೆ. ಅಮೆರಿಕದ ಎಚ್‌ಬಿಒ ಚಾನೆಲ್ಲಿನಲ್ಲಿ 2002ರಲ್ಲಿ ಶುರುವಾದ ‘ದಿ ವೈರ್’ ಸರಣಿಯಲ್ಲಿ ಒಂದು ಪ್ರಸಿದ್ಧ ದೃಶ್ಯ ಇದೆ. ಇಬ್ಬರು ಪತ್ತೇದಾರರು ಹಳೆಯ ಕೊಲೆ ನಡೆದ ಅಡುಗೆಮನೆಯನ್ನು ಮತ್ತೆ ಪರಿಶೀಲಿಸುತ್ತಾರೆ. ಹಲವು ನಿಮಿಷ ಅವರ ಬಾಯಲ್ಲಿ ಬರುವುದು ಒಂದೇ ಬೈಗುಳ, ಅದರದ್ದೇ ಬೇರೆ ಬೇರೆ ರೂಪ. ಗೋಡೆ ನೋಡಿ ಒಮ್ಮೆ, ಫೋಟೊ ನೋಡಿ ಒಮ್ಮೆ, ಗುಂಡು ಬಂದ ದಾರಿ ಹೊಳೆದಾಗ ಒಮ್ಮೆ. ಅನುಮಾನ, ಬೇಸರ, ಆಶ್ಚರ್ಯ, ಸಿಟ್ಟು ಎಲ್ಲ ಆ ಒಂದು ಪದದಲ್ಲೇ. ಇಬ್ಬರೂ ಎಷ್ಟು ಪಳಗಿದವರು, ಎಷ್ಟು ವರ್ಷದಿಂದ ಜೊತೆಗಿದ್ದಾರೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ನಮ್ಮಲ್ಲೇ ಉದಾಹರಣೆ ಬೇಕೆಂದರೆ ಅದೇ ಟಿವಿಎಫ್ ಮಾಡಿದ, 2020ರಲ್ಲಿ ಬಂದ ‘ಪಂಚಾಯತ್’ ನೋಡಿ. ಉತ್ತರ ಪ್ರದೇಶದ ಹಳ್ಳಿಯ ಕಥೆ, ಮೆಲ್ಲಗೆ ಸಾಗುತ್ತದೆ. ಮುಂದಿನ ಸೀಸನ್ನಿನಲ್ಲಿ ಬರುವ ಶಾಸಕ ಮಾತ್ರ ಬಾಯಿಬಡುಕ, ಬೈದೇ ಮಾತು ಶುರು ಮಾಡುತ್ತಾನೆ. ಉಳಿದವರು ಅಷ್ಟು ಮೆತ್ತಗೆ ಮಾತಾಡುವುದರಿಂದಲೇ ಅವನ ಬಾಯಿಗೆ ಅಷ್ಟು ತೂಕ. ಅವನ ಬೈಗುಳದಲ್ಲಿ ಅಧಿಕಾರ ಕೇಳಿಸುತ್ತದೆ: ನಾನು ಬೈಯಬಲ್ಲೆ, ನೀನು ತಿರುಗಿ ಬೈಯಲಾರೆ. ಇನ್ನು ಕೆಲವು ಕ್ರೈಂ ಸರಣಿಗಳಲ್ಲಿ ಡಾನ್, ಡಾನ್‌ನ ಮಗ, ಪೊಲೀಸು, ಟೀ ಮಾರುವವನು ಎಲ್ಲರೂ ಒಂದೇ ಬಾಯಿಯಲ್ಲಿ ಬೈಯುತ್ತಾರೆ. ಎರಡನೇ ಕಂತಿನ ಹೊತ್ತಿಗೆ ಕಿವಿ ಜಡ್ಡುಗಟ್ಟುತ್ತದೆ. ಆಮೇಲೆ ನಿಜವಾಗಿ ಸಿಟ್ಟು ಬರಬೇಕಾದ ದೃಶ್ಯ ಬಂದಾಗ ಪಾತ್ರದ ಹತ್ತಿರ ಪದವೇ ಉಳಿದಿರುವುದಿಲ್ಲ.

ಇದು ಬರೀ ರುಚಿಯ ಮಾತಲ್ಲ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಸಂಗಡಿಗರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೊರೆಯುವ ತಣ್ಣೀರಿನಲ್ಲಿ ಕೈ ಅದ್ದಿ ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ ಅಂತ. ಸಾಧಾರಣ ಪದ ಹೇಳಿದಾಗಿಗಿಂತ ಬೈಗುಳ ಹೇಳಿದಾಗ ಜನ ಜಾಸ್ತಿ ಹೊತ್ತು ತಡೆದುಕೊಂಡರು. ಬಾಗಿಲಿಗೆ ಕಾಲ್ಬೆರಳು ತಾಗಿದಾಗ ಬಾಯಿಗೆ ಬರುವುದು ಸುಮ್ನೆ ಅಲ್ಲ. 2011ರಲ್ಲಿ ಅವರದ್ದೇ ಇನ್ನೊಂದು ಅಧ್ಯಯನ ಬಂತು. ದಿನವೂ ಜಾಸ್ತಿ ಬೈಯುವವರಿಗೆ ಈ ಲಾಭ ಕಡಿಮೆ ಎಂದು ಅದರಲ್ಲಿ ಗೊತ್ತಾಯಿತು. ಬಳಸಿದಷ್ಟೂ ಬೈಗುಳ ಸವೆಯುತ್ತದೆ. ಸಂಭಾಷಣೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಕೇ?

ಕಾಲವೂ ಬೈಗುಳವನ್ನು ಸವೆಸುತ್ತದೆ. 1914ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುವ ಹುಡುಗಿ ‘ಬ್ಲಡಿ’ ಅಂದಿದ್ದೇ ಊರೆಲ್ಲ ಸುದ್ದಿಯಾಗಿತ್ತು. ಇವತ್ತು ಆ ಪದಕ್ಕೆ ನಮ್ಮ ಟಿವಿಯಲ್ಲೂ ಬೀಪ್ ಬೀಳುವುದು ಕಷ್ಟ.

ಬೈಗುಳ ಇಲ್ಲದೆ ಆಗುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಕನ್ನಡಿಗರು ಇನ್ನೂ ನೆನಪಿಟ್ಟುಕೊಂಡಿದ್ದಾರೆ. ಅದರಲ್ಲಿ ಬೈಗುಳ ಇರಬೇಕಿತ್ತು ಎಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಮಧ್ಯಮ ವರ್ಗದ ಮನೆಗಳ ಕಥೆ ಅದು. ಅಲ್ಲಿ ಸಿಟ್ಟು ಬಂದವರು ಮಾತು ಬಿಡುತ್ತಾರೆ, ಊಟ ಬಿಡುತ್ತಾರೆ, ಬೈಯುವುದಿಲ್ಲ. ಅದೇ, ಲಾಕಪ್ಪಿನಲ್ಲಿ ನಡೆಯುವ ಕಥೆಯೊಂದನ್ನು ಬರೆದು, ಪೇದೆಯ ಬಾಯಲ್ಲಿ “ನೀನು ಬಹಳ ಕೆಟ್ಟವನಪ್ಪ” ಎಂದು ಹೇಳಿಸಿ. ನೋಡುವವರು ನಕ್ಕುಬಿಡುತ್ತಾರೆ. ಬೈಸಿಕೊಳ್ಳುತ್ತಿರುವವನ ಅವಮಾನ ನಮಗೆ ತಟ್ಟುವುದೇ ಇಲ್ಲ. ಅಲ್ಲಿ ಬೈಗುಳವನ್ನು ತೆಗೆದರೆ ಪೊಲೀಸಿನವನನ್ನು ಒಳ್ಳೆಯವನನ್ನಾಗಿ ಮಾಡಿದ ಹಾಗೆ. ಸಭ್ಯತೆಯ ಹೆಸರಿನಲ್ಲಿ ಸುಳ್ಳು ಹೇಳುವುದೂ ಹೀಗೆಯೇ.

ನಾನು ನೋಡುವಾಗ ಒಂದು ಪರೀಕ್ಷೆ ಮಾಡುತ್ತೇನೆ. ಬೈಗುಳವನ್ನು ಬೇರೆ ಪಾತ್ರದ ಬಾಯಿಗೆ ಹಾಕಿದರೂ ದೃಶ್ಯ ಹಾಗೇ ನಡೆಯುತ್ತದಾ? ನಡೆಯುತ್ತದೆ ಎಂದಾದರೆ ಅದು ಪಾತ್ರದ ಮಾತಲ್ಲ, ಬರೆದವನ ಅಭ್ಯಾಸ.

ನೋವು ಯಾರಿಗೆ?

ಈಗ ಕಷ್ಟದ ಭಾಗ. ಬೈಗುಳಗಳು ಯಾವ ಮಣ್ಣಿನಿಂದ ಹುಟ್ಟುತ್ತವೆ ಎಂದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಬೈಸಿಕೊಳ್ಳುವವನು ಗಂಡಸು, ಬೈಗುಳದೊಳಗೆ ಇರುವವಳು ಹೆಂಗಸು. ಅವನ ತಾಯಿ, ಅಕ್ಕ, ಹೆಂಡತಿ. ‘ಬೋಳಿಮಗ’ ಎನ್ನುವವರಿಗೆ, ಗಂಡ ಸತ್ತ ಮೇಲೆ ತಲೆ ಬೋಳಿಸಿಕೊಳ್ಳಬೇಕಾಗಿದ್ದ ಹೆಂಗಸರ ನೆನಪು ಇರುವುದಿಲ್ಲ. ಆದರೂ ಪದ ಬಂದಿದ್ದು ಅಲ್ಲಿಂದಲೇ. ಸುಪ್ರೀಂ ಕೋರ್ಟ್ ಹೇಳಿದ್ದು ಸರಿ, ಬೈಯುವಾಗ ಯಾರೂ ಅರ್ಥ ಯೋಚಿಸುವುದಿಲ್ಲ. ಯೋಚಿಸದೆ ಇರಲು ಸಾಧ್ಯವಾಗಿರುವುದು ಯಾರಿಗೆ ಎಂದೂ ಕೇಳಬಹುದು. ಕಾಲೇಜು ಹಾಸ್ಟೆಲಿನ ತಮಾಷೆಯಾಗಿ ಬರುವ ಬೈಗುಳಕ್ಕೆ ಗೆಳೆಯರು ನಗುತ್ತಿರುವಾಗ ಪಕ್ಕದಲ್ಲಿ ಕೂತ ಹುಡುಗಿಗೆ ನಗು ಬರದಿದ್ದರೆ, ಅವಳಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದಲ್ಲ. ಹಾಗಂತ ಅದಕ್ಕೆ ಜೈಲು ಎಂದೂ ಅಲ್ಲ. ಟೀಕೆ ಮಾಡುವುದಕ್ಕೂ ಕೇಸು ಹಾಕುವುದಕ್ಕೂ ನಡುವೆ ಬಹಳ ಜಾಗ ಇದೆ. ನಾವು ಅದನ್ನು ಬಳಸುವುದೇ ಇಲ್ಲ.

ಜಾತಿಯ ಬೈಗುಳದ ವಿಷಯ ಇನ್ನೂ ಬೇರೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರೆದುರು ಜಾತಿ ಹೆಸರಿನಿಂದ ಬೈಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಅಲ್ಲಿ ಅಶ್ಲೀಲತೆಯ ಪ್ರಶ್ನೆ ಬರುವುದೇ ಇಲ್ಲ. ಆ ಪದಗಳಲ್ಲಿ ಹಲವಕ್ಕೆ ನಿಘಂಟಿನಲ್ಲಿ ಕೆಟ್ಟ ಅರ್ಥವೂ ಇರುವುದಿಲ್ಲ. ಬರೀ ಒಂದು ಸಮುದಾಯದ ಹೆಸರು. ಹೇಳುವ ದನಿಯಲ್ಲೇ ವಿಷ. ದೌರ್ಜನ್ಯವನ್ನು ತೋರಿಸುವ ಕಥೆ ಆ ಮಾತನ್ನು ಕೇಳಿಸಬೇಕಾಗಬಹುದು. ಹಾಸ್ಯಕ್ಕೆಂದು ಕೇಳಿಸಬೇಕಾದ ಸಂದರ್ಭ ನನಗಂತೂ ತೋಚುವುದಿಲ್ಲ.

ಬ್ರಿಟನ್ನಿನಲ್ಲಿ ಪ್ರಸಾರದ ಮೇಲೆ ಕಣ್ಣಿಡುವ ಸಂಸ್ಥೆ ಆಫ್‌ಕಾಮ್. ಅಲ್ಲಿ ರಾತ್ರಿ 9ಕ್ಕೆ ಮುಂಚೆ ಮಕ್ಕಳಿಗೆ ತಕ್ಕದ್ದಲ್ಲದ್ದನ್ನು ತೋರಿಸುವಂತಿಲ್ಲ, ಗಟ್ಟಿ ಬೈಗುಳಕ್ಕೂ ಅದೇ ಗಡಿ. ಯಾವ ಮಾತಿಗೆ ಜನ ಎಷ್ಟು ನೊಂದುಕೊಳ್ಳುತ್ತಾರೆ ಎಂದು ಅವರು ಆಗಾಗ ವಿಚಾರಿಸುತ್ತಾರೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮಾಮೂಲಿ ಬೈಗುಳಗಳ ಬಗ್ಗೆ ಜನ ಮೊದಲಿಗಿಂತ ಸಡಿಲವಾಗಿದ್ದಾರೆ. ಬಣ್ಣ, ಜನಾಂಗ, ಅಂಗವೈಕಲ್ಯ ಹಿಡಿದು ಹೀಯಾಳಿಸುವ ಮಾತುಗಳ ಬಗ್ಗೆ ಹೆಚ್ಚು ಬಿಗಿಯಾಗಿದ್ದಾರೆ.

ಇದೇ ಕಣ್ಣಿನಿಂದ ನಮ್ಮ ಸಂಜೆಯ ಧಾರಾವಾಹಿಗಳನ್ನು ನೋಡೋಣ. ಬೈಗುಳ ಒಂದೂ ಇಲ್ಲ. ಪೂರ್ತಿ ಸಭ್ಯ. ಅತ್ತೆ ಸೊಸೆಗೆ “ಬಂಜೆ” ಎನ್ನುತ್ತಾಳೆ. “ನಿನ್ನ ಕಾಲ್ಗುಣವೇ ಸರಿಯಿಲ್ಲ, ಬಂದ ದಿನವೇ ನನ್ನ ಮಗನ ಕೆಲಸ ಹೋಯ್ತು” ಎನ್ನುತ್ತಾಳೆ. “ಅನಿಷ್ಟ”, “ದರಿದ್ರ”, “ಗತಿಗೆಟ್ಟವಳು” ಎಲ್ಲ ಬರುತ್ತವೆ, ಹಿಂದೆ ಸಂಗೀತ ಧಡಾರ್ ಎನ್ನುತ್ತದೆ, ಮೂರು ಸಲ ಮುಖ ತೋರಿಸುತ್ತಾರೆ. ಬಡ ಹುಡುಗಿಯ ಮೈಬಣ್ಣ ಕಪ್ಪು ಎಂದು ಇಡೀ ವಾರ ಹೀಯಾಳಿಸುತ್ತಾರೆ. ಬೀಪ್ ಬೀಳುವುದಿಲ್ಲ, ಸೋಪಿನ ಜಾಹೀರಾತು ನಿಲ್ಲುವುದಿಲ್ಲ, ಅಜ್ಜಿ ಚಾನೆಲ್ ಬದಲಿಸುವುದಿಲ್ಲ. ನಿಜವಾಗಿ ಮಕ್ಕಳಾಗದ ಒಬ್ಬ ಹೆಂಗಸು ಅದೇ ಸೋಫಾದಲ್ಲಿ ಕೂತಿದ್ದರೆ, ಅವಳ ಮಟ್ಟಿಗೆ ಯಾವುದು ಕೆಟ್ಟ ಮಾತು? ಟೀ ಅಂಗಡಿಯ ಹುಡುಗರ ಬೈದಾಟವೋ, ಇದೋ?

ಬೀಪ್ ಮಾಡುವವರ ಕಿವಿ ಶಬ್ದ ಹಿಡಿಯುತ್ತದೆ, ಗಾಯ ಹಿಡಿಯುವುದಿಲ್ಲ. ‘ಬೈಗುಳ ಬೇಕೇ ಬೇಡವೇ’ ಎಂಬ ನಮ್ಮ ಜಗಳ ಸದಾ ಆ ಹತ್ತು ಹದಿನೈದು ಪದಗಳ ಸುತ್ತಲೇ ಸುತ್ತುವುದು ಇದೇ ಕಾರಣಕ್ಕೆ. ಜಾತ್ರೆಯ ಕಂಪನಿ ನಾಟಕದಲ್ಲಿ ದ್ವಂದ್ವಾರ್ಥದ ಹಾಸ್ಯಕ್ಕೆ ಊರಿಗೆ ಊರೇ, ಹೆಂಗಸರು ಮಕ್ಕಳ ಸಮೇತ, ನಕ್ಕು ಬರುತ್ತದೆ. ಅಲ್ಲಿ ಒಂದೂ ನಿಷಿದ್ಧ ಪದ ಇರುವುದಿಲ್ಲ. ಪಟ್ಟಿ ಹಿಡಿದು ಹೊರಟವರಿಗೆ ಅದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ.

ಒಪ್ಪಿಗೆ ಎಂಬ ವಿಷಯ

ಹಾಗಾದರೆ ಬೈಗುಳ ಕೇಳಿ ಮುಜುಗರ ಪಡುವವರ ಮಾತಿಗೆ ಬೆಲೆಯೇ ಇಲ್ಲವೇ? ಇದೆ. ಅವರ ದೂರನ್ನು ಸ್ವಲ್ಪ ಗಮನವಿಟ್ಟು ಕೇಳಿದರೆ, ಅವರು ಹೇಳುತ್ತಿರುವುದು “ಇಂಥದ್ದು ಇರಲೇಬಾರದು” ಎಂದಲ್ಲ. “ಅಪ್ಪನ ಜೊತೆ ಕೂತು ನೋಡುತ್ತಿದ್ದಾಗ ಹೇಳದೆ ಕೇಳದೆ ಬಂತು” ಎಂದು. ದೂರು ಬೈಗುಳದ ಮೇಲಲ್ಲ, ಮುನ್ಸೂಚನೆ ಇಲ್ಲದ್ದರ ಮೇಲೆ. ಕುಂಡೆ ಹಬ್ಬಕ್ಕೆ ಹೋಗುವವರಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಗೊತ್ತಿರುತ್ತದೆ.

ಅದಕ್ಕೇ ದರ್ಜೆ ಮತ್ತು ಮುನ್ಸೂಚನೆಯ ಪದ್ಧತಿ ಕತ್ತರಿಗಿಂತ ಒಳ್ಳೆಯದು. ಅದು ಸರಿಯಾಗಿ ಕೆಲಸ ಮಾಡಬೇಕು ಅಷ್ಟೇ. ಶುರುವಿನಲ್ಲಿ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಂದು ಮಾಯವಾಗುವ ‘16+, ಭಾಷೆ’ ಎಂಬ ಎರಡು ಪದವನ್ನು ಎಷ್ಟು ಜನ ಓದುತ್ತಾರೆ? ಮನೆಯ ಎಲ್ಲರೂ ಒಂದೇ ಪ್ರೊಫೈಲಿನಲ್ಲಿ ನೋಡುವಾಗ ವಯಸ್ಸಿನ ಬೀಗ ಯಾರಿಗೆ? ಅಡಲ್ಟ್ ಎಂದು ಗುರುತು ಹಾಕಿದ ಸರಣಿಯ ಬೈಗುಳದ ತುಣುಕೇ ರೀಲ್ ಆಗಿ, ಯಾವ ಗುರುತೂ ಇಲ್ಲದೆ, ಏಳನೇ ಕ್ಲಾಸಿನ ಹುಡುಗನ ಫೋನಿಗೆ ಬರುತ್ತದೆ. ನನ್ನ ಲೆಕ್ಕದಲ್ಲಿ ಮಕ್ಕಳ ಬಾಯಿಗೆ ಬೈಗುಳ ಹತ್ತುವುದು ಸರಣಿಯಿಂದಲ್ಲ, ಅಲ್ಲಿಂದ. ಬೀದಿಯಿಂದ ಹತ್ತುವುದು ಹೇಗೂ ಇದ್ದೇ ಇದೆ.

ಸರ್ಕಾರ ಮಧ್ಯೆ ಮಧ್ಯೆ ಬಡಿಗೆಯನ್ನೂ ಎತ್ತುತ್ತದೆ. ಸುಪ್ರೀಂ ಕೋರ್ಟಿನ ಆ ತೀರ್ಪು ಬರುವ ಐದು ದಿನ ಮೊದಲು, 2024ರ ಮಾರ್ಚ್ 14ರಂದು, ವಾರ್ತಾ ಮತ್ತು ಪ್ರಸಾರ ಸಚಿವಾಲಯ 18 ಒಟಿಟಿ ವೇದಿಕೆಗಳನ್ನು ಬಂದ್ ಮಾಡಿಸಿದ ಸುದ್ದಿ ಬಂತು. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗಿದ್ದು ಸಹಜ. ಆದರೆ ಅಲ್ಲಿ ವಿಷಯ ಬೈಗುಳದ್ದಲ್ಲ, ನೇರ ಅಶ್ಲೀಲ ದೃಶ್ಯಗಳದ್ದು. 2025ರ ಫೆಬ್ರವರಿಯಲ್ಲಿ ಯೂಟ್ಯೂಬಿನ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಬಂದ ಪ್ರಶ್ನೆಯೊಂದು ದೇಶದಾದ್ಯಂತ ಗದ್ದಲ ಎಬ್ಬಿಸಿದ ಮೇಲೆ, 2021ರ ನಿಯಮಗಳನ್ನು ಪಾಲಿಸಿ ಎಂದು ಅದೇ ಸಚಿವಾಲಯ ಒಟಿಟಿಗಳಿಗೆ ಮತ್ತೆ ನೆನಪಿಸಿತು. ಪ್ರತಿ ಗದ್ದಲದಲ್ಲೂ ಅಶ್ಲೀಲ, ಅಸಭ್ಯ, ಅವಮಾನ ಮೂರೂ ಮತ್ತೆ ಕಲಸಿಹೋಗುತ್ತವೆ.

ನಿಮಗೆ ನಿಜವಾಗಿ ತಕರಾರಿದ್ದರೆ ಪೊಲೀಸ್ ಠಾಣೆಯೊಂದೇ ದಾರಿಯಲ್ಲ. 2021ರ ನಿಯಮದ ಪ್ರಕಾರ ಪ್ರತಿ ಒಟಿಟಿಗೂ ಒಬ್ಬ ದೂರು ಅಧಿಕಾರಿ ಇರಬೇಕು, ದೂರು ಬಂದ 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಮೇಲೆ ಆ ವೇದಿಕೆಗಳದ್ದೇ ಸ್ವಯಂ ನಿಯಂತ್ರಣ ಮಂಡಳಿ, ಅದರ ಮೇಲೆ ಸಚಿವಾಲಯ. ಟಿವಿ ಧಾರಾವಾಹಿಯಾದರೆ ಮೊದಲು ಚಾನೆಲ್ಲಿಗೆ, ಆಮೇಲೆ ಚಾನೆಲ್‌ಗಳ ದೂರು ಮಂಡಳಿಗೆ. ದೂರಿನಲ್ಲಿ ಪದವನ್ನಷ್ಟೇ ಬರೆಯಬೇಡಿ. ಯಾವ ಕಂತು, ಯಾವ ನಿಮಿಷ, ಯಾರು ಯಾರಿಗೆ ಅಂದರು, ದರ್ಜೆ ಏನು ಹಾಕಿದ್ದರು ಎಂದು ಬರೆಯಿರಿ. “ಬಂಜೆ” ಎಂದು ಇಡೀ ವಾರ ಬೈಸಿದ ಧಾರಾವಾಹಿಯ ಮೇಲೂ ಹೀಗೇ ಬರೆಯಬಹುದು, ದಾರಿ ಎರಡಕ್ಕೂ ಒಂದೇ.